ಸಯಾಮ್ ರೈಲಿನಲ್ಲಿ ಸತ್ತ ಕೂಲಿಗಳು

ಸಯಾಮ್, ಅಂದರೆ ಇಂದಿನ ಥಾಯ್ಲೆಂಡ್‌ನಿಂದ ಬರ್ಮಾಕ್ಕೆ ಹಾಕಿದ ರೈಲಿನ ಮಾತು ಬಂದಾಗಲೆಲ್ಲ ಬಿಳಿಯ ಸೈನಿಕರ ಕಥೆಯೇ ಕೇಳಿಸುತ್ತದೆ. ಅದೇನೂ ಸುಳ್ಳಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಸಿಂಗಪುರ ಜಪಾನಿನ ಕೈಗೆ ಬಿದ್ದ ಮೇಲೆ ಅರವತ್ತು ಸಾವಿರಕ್ಕೂ ಹೆಚ್ಚು ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಯುದ್ಧಕೈದಿಗಳನ್ನು ಜಪಾನಿ ಸೇನೆ 415 ಕಿ.ಮೀ. ಹಳಿ ಹಾಕಲು ಕಾಡಿಗೆ ಅಟ್ಟಿತು. ಸಮುದ್ರದಲ್ಲಿ ಶತ್ರುಗಳ ಜಲಾಂತರ್ಗಾಮಿಗಳ ಕಾಟವಿದ್ದುದರಿಂದ ಬರ್ಮಾಕ್ಕೆ ಸಾಮಾನು ಸಾಗಿಸಲು ಅದಕ್ಕೆ ನೆಲದ ದಾರಿಯೇ ಬೇಕಿತ್ತು. ಕೊನ್ಯು ಎಂಬಲ್ಲಿ ಕೈದಿಗಳು ಸುತ್ತಿಗೆ, ಉಳಿ ಹಿಡಿದು ಪಂಜಿನ ಬೆಳಕಿನಲ್ಲಿ ರಾತ್ರಿಯೆಲ್ಲ ಬಂಡೆ ಸೀಳಿದರು. ಸುಮಾರು ಹನ್ನೆರಡು ಸಾವಿರ ಕೈದಿಗಳು ಸತ್ತರು.

ನನ್ನ ತಕರಾರು ಇರುವುದು ಇದರಾಚೆಗಿನ ಲೆಕ್ಕದ ಬಗ್ಗೆ. ಅದೇ ಹಳಿಗೆ ದುಡಿದ ಏಷ್ಯಾದ ಕೂಲಿಗಳಲ್ಲಿ ಸತ್ತವರು ಸುಮಾರು ತೊಂಬತ್ತು ಸಾವಿರ ಎಂಬುದು ಅಂದಾಜು. ಹೌದು, ಬರೀ ಅಂದಾಜು, ಎಣಿಸುವವರೇ ಇರಲಿಲ್ಲ. ಬರ್ಮನ್ನರು, ಜಾವಾದವರು, ಮಲಯರ ಜೊತೆ ಮಲಯಾದ ರಬ್ಬರ್ ತೋಟಗಳ ತಮಿಳರು ದೊಡ್ಡ ಸಂಖ್ಯೆಯಲ್ಲಿದ್ದರು. ಯುದ್ಧದಿಂದ ರಬ್ಬರ್ ರಫ್ತು ನಿಂತು ತೋಟಗಳಲ್ಲಿ ಕೆಲಸವಿರಲಿಲ್ಲ. ಒಳ್ಳೆಯ ಕೂಲಿಯ ಆಸೆ ತೋರಿಸಿ ಕೆಲವರನ್ನು, ಉಳಿದವರನ್ನು ಬಲವಂತದಿಂದ ಈ ಹಳಿಯ ಕೆಲಸಕ್ಕೆ ಸಾಗಿಸಿದರು.

ಸೈನಿಕರ ಶಿಬಿರದಲ್ಲಿ ವೈದ್ಯರಿದ್ದರು. ನೀರು ಕುದಿಸಿಯೇ ಕುಡಿಯಬೇಕೆಂದು ಗದರುವ ಅಧಿಕಾರಿಗಳಿದ್ದರು. ಸತ್ತವನ ಹೆಸರನ್ನು ಕದ್ದುಮುಚ್ಚಿಯಾದರೂ ಬರೆದಿಡುವವರಿದ್ದರು. ಕೂಲಿ ಶಿಬಿರಗಳಲ್ಲಿ ಬಹುಮಟ್ಟಿಗೆ ಇದ್ಯಾವುದೂ ಇರಲಿಲ್ಲ. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಗುಡಿಸಲುಗಳು ಸಾಲುಸಾಲಾಗಿ ಖಾಲಿಯಾದವು. ಜಪಾನಿನ ಕ್ರೌರ್ಯವನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಒಂದೇ ಕ್ರೌರ್ಯದ ಕೆಳಗೆ ಕೂಲಿಗಳೇ ಹೆಚ್ಚು ಸತ್ತದ್ದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇಂದು ಥಾಯ್ಲೆಂಡಿನ ಕಾಂಚನಬುರಿಯ ಯುದ್ಧಸ್ಮಶಾನದಲ್ಲಿ ಸುಮಾರು ಏಳು ಸಾವಿರ ಸೈನಿಕರ ಗೋರಿಗಳಿವೆ, ಹುಲ್ಲು ಕೂಡ ಅಚ್ಚುಕಟ್ಟಾಗಿ ಕತ್ತರಿಸಿರುತ್ತದೆ. ಕೂಲಿಗಳಿಗೆ ಅಂಥದ್ದೊಂದು ಸ್ಮಶಾನವಿಲ್ಲ.

ಬ್ರಿಟಿಷರು ತಮ್ಮವರನ್ನು ನೆನೆದರೆ ತಪ್ಪೇನು? ನಾವು ನಮ್ಮವರನ್ನು ನೆನೆಯಲಿಲ್ಲವಲ್ಲ! "ಅವರು ತಮಿಳರು, ಅದೂ ಮಲಯಾದವರು" ಎಂದು ಜಾರಿಕೊಳ್ಳುವುದು ಸುಲಭ. ನಮಗೆ ಇನ್ನೊಂದು ಮುಜುಗರವೂ ಇದೆ. ಹಳಿಯ ಎರಡೂ ತುದಿ ಕೂಡಿದ್ದು 1943ರ ಅಕ್ಟೋಬರ್ 17ರಂದು. ನಾಲ್ಕು ದಿನ ಕಳೆದು, 21ರಂದು, ಜಪಾನಿನ ಬೆಂಬಲದಿಂದ ನೇತಾಜಿ ಸಿಂಗಪುರದಲ್ಲಿ ಆಜಾದ್ ಹಿಂದ್ ಸರ್ಕಾರ ಘೋಷಿಸಿದರು. ಮುಂದೆ ಅವರ ಸೈನಿಕರೂ ಇದೇ ಹಳಿಯ ಮೇಲೆ ಬರ್ಮಾಕ್ಕೆ ಹೋದರು. ನೇತಾಜಿಯ ಮೇಲಿನ ಗೌರವ ನನಗೇನೂ ಕಡಿಮೆಯಿಲ್ಲ. ಆದರೂ ನಾನು ಶಾಲೆಯಲ್ಲಿ ಓದಿದ ಪಾಠದಲ್ಲಿ ಆ ಸರ್ಕಾರದ ದಿನಾಂಕವಿತ್ತು, ಹಳಿಯ ಸುದ್ದಿ ಇರಲಿಲ್ಲ. ಅದೇ ಪುಟದಲ್ಲಿ ಈ ಕೂಲಿಗಳಿಗೆ ಎರಡು ಸಾಲು ಕೊಟ್ಟರೆ ಯಾರ ಗೌರವಕ್ಕೂ ಕುಂದು ಬರುವುದಿಲ್ಲ.