ಹೊಸ್ತಿಲು ದಾಟಿದ ಪ್ರಕರಣ

ಎಚ್ಚರವಾಗಿರುವ ಕೂಸನ್ನು ದೊಡ್ಡವರ ಕಣ್ಣೆದುರಿನಲ್ಲಿ ದಿನಕ್ಕೆ ಹಲವು ಬಾರಿ ಸ್ವಲ್ಪ ಹೊತ್ತು ಬೋರಲು ಮಲಗಿಸಿದರೆ ಕತ್ತು, ಭುಜಗಳು ಬಲಗೊಳ್ಳುತ್ತವೆಂದು ಮಕ್ಕಳ ವೈದ್ಯರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮೊದಲು ಬೋರಲು ಬಿದ್ದವನು ನಾನು. ಎದುರಿಗೆ ಪರಿಚಿತ ಮುಖವಿದ್ದರೆ ಮಗು ಉತ್ಸಾಹದಿಂದ ತಲೆಯೆತ್ತುತ್ತದೆಯಂತೆ. ನಿವೃತ್ತನಾದ ತಾತನಿಗೆ ಆ ಹುದ್ದೆ ತಾನಾಗಿ ಒಲಿಯಿತು. ಮೂರು ತಿಂಗಳ ಮೊಮ್ಮಗಳು ತಲೆ, ಎದೆ ಎರಡನ್ನೂ ಎತ್ತಿ ನನ್ನನ್ನು ಪರಿಶೀಲಿಸುತ್ತಿದ್ದಳು. ನನ್ನನ್ನು ಎತ್ತಲು ಮಾತ್ರ ಇಬ್ಬರು ಬೇಕಾಗುತ್ತಿತ್ತು.

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ರಾಗಿ ಸರಿ ಆರಂಭವಾಯಿತು. ಜೇನುತುಪ್ಪದಲ್ಲಿರಬಹುದಾದ ಬಾಟುಲಿಸಂ ರೋಗದ ಬೀಜಕಣಗಳನ್ನು ಎಳೆಯ ಕರುಳು ತಡೆಯಲಾರದಾದ್ದರಿಂದ ವರ್ಷ ತುಂಬುವವರೆಗೆ ಅದು ಕೂಡದೆಂದು ಮಗಳು ವಿವರಿಸಿದಾಗ, ಕೊಡಗಿನಿಂದ ಜೇನು ತರಿಸಿದ್ದ ನನ್ನ ಹೆಂಡತಿ ಸೀಸೆಯನ್ನು ಮರುಮಾತಿಲ್ಲದೆ ನನ್ನ ಚಪಾತಿಯ ಪಕ್ಕಕ್ಕೆ ಸರಿಸಿದಳು. ನನ್ನ ಸಕ್ಕರೆ ಕಾಯಿಲೆ ಆ ಕ್ಷಣದಲ್ಲಿ ಯಾರಿಗೂ ನೆನಪಾಗಲಿಲ್ಲ, ನಾನೂ ನೆನಪಿಸಲಿಲ್ಲ.

ನಿಜವಾದ ಸಂಕಟ ಅಂಬೆಗಾಲಿನದು. ನಮ್ಮ ಕಡೆ ಮಗು ಅಂಬೆಗಾಲಿಕ್ಕುತ್ತ ಹೊಸ್ತಿಲು ದಾಟಿದರೆ ತೆಂಗಿನಕಾಯಿ ಒಡೆದು ಸಿಹಿ ಹಂಚುವ ಪದ್ಧತಿಯಿದೆ. ಈಕೆಯೋ ಒಂಬತ್ತು ತಿಂಗಳಾದರೂ ಮಂಡಿಯೂರದೆ, ಕೂತ ಭಂಗಿಯಲ್ಲೇ ಒಂದು ಕಾಲನ್ನು ದೋಣಿಯ ಹುಟ್ಟಿನಂತೆ ಬೀಸುತ್ತ, ಕುಂಡಿಯ ಮೇಲೆ ಜಾರಿಕೊಂಡು ಇಡೀ ಹಾಲ್ ಸುತ್ತತೊಡಗಿದಳು. ಪಕ್ಕದ ಮನೆಯವರು ಮರುಗಿ ವಾಕರ್ ತಂದುಕೊಟ್ಟರು. ಅದು ನಡಿಗೆ ಕಲಿಸುವುದಕ್ಕಿಂತ ಬೀಳಿಸುವುದೇ ಹೆಚ್ಚು, ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ ಎಂದು ಮಗಳು ತಡೆದಳು. ಈಗ ಅದರಲ್ಲಿ ಈರುಳ್ಳಿ ಬುಟ್ಟಿ ವಿರಾಜಮಾನವಾಗಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 4ರಷ್ಟು ಮಕ್ಕಳು ಅಂಗೈ, ಮಂಡಿ ಊರಿ ಹರಿದಾಡಲೇ ಇಲ್ಲವೆಂದೂ, ಮಕ್ಕಳು ಸ್ವತಂತ್ರವಾಗಿ ನಡೆಯತೊಡಗುವುದು ಸುಮಾರು 8ರಿಂದ 18 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದೆಂದೂ ನಾನು ಓದಿ ಹೇಳಿದೆ.

“ಅಷ್ಟೆಲ್ಲ ದೇಶ ಸುತ್ತಿದವರು ಕಾಯಿ ಯಾವಾಗ ಒಡೆಯಬೇಕು ಅಂತ ಬರೆದಿಲ್ಲವೇನ್ರೀ?” ಎಂದಳು ಹೆಂಡತಿ.

ಫ್ಲಾಟಿನಲ್ಲಿ ಹೊಸ್ತಿಲೆಂಬುದು ಇರುವುದು ಎರಡೇ ಕಡೆ: ಸದಾ ಮುಚ್ಚಿರುವ ಮುಂಬಾಗಿಲಿಗೆ ಮತ್ತು ಬಚ್ಚಲಿಗೆ. ಒಂದು ಬೆಳಿಗ್ಗೆ ಬಚ್ಚಲ ಬಾಗಿಲು ತೆರೆದಿದ್ದಾಗ, ಒಳಗಿದ್ದ ಕೆಂಪು ಮಗ್ಗಿನ ಆಸೆಗೆ ಈಕೆ ನಮ್ಮೆಲ್ಲರ ಕಣ್ಣೆದುರೇ, ಕುಂಡಿ ಮುಂದಾಗಿ ಹೊಸ್ತಿಲು ದಾಟಿಬಿಟ್ಟಳು. ಬಚ್ಚಲ ಬಾಗಿಲಲ್ಲಿ ಕಾಯಿ ಒಡೆಯಬಹುದೇ ಎಂದು ಹೆಂಡತಿ ಪುರೋಹಿತರಿಗೆ ಫೋನ್ ಹಚ್ಚುವಷ್ಟರಲ್ಲಿ ಈಕೆ ಮಗ್ ಸಮೇತ ವಾಪಸು ದಾಟಿದ್ದಳು. ಅವರು “ಹಲೋ” ಎನ್ನುತ್ತಿದ್ದಂತೆ ಪ್ರಶ್ನೆ ಬದಲಾಯಿತು: “ಹೋಗಿದ್ದಕ್ಕೊಂದು, ಬಂದಿದ್ದಕ್ಕೊಂದು ಕಾಯಿ ಬೇಕಾ, ಒಂದೇ ಸಾಕಾ?”