ಹೆಸರಲ್ಲ, ಮೊಣಕೈ ಭುಜ ನೋಡಿ
ಅಮೆರಿಕದ ಬೇಸ್‌ಬಾಲ್ ಟೀಮ್ ಲಾಸ್ ಏಂಜಲೀಸ್ ಡಾಡ್ಜರ್ಸ್ ದುಡ್ಡು ಸುರಿದು 2025ರ ಕಪ್ಪನ್ನ ಸೀಸನ್ ಶುರುವಾಗೋಕೆ ಮುಂಚೆನೇ ಕೊಂಡ್ಕೊಂಡ್ಬಿಟ್ಟಿದೆ ಅಂತ ನಿಮ್ಮ ಲೇಖನದಲ್ಲಿ ಬರ್ದಿದ್ದೀರಲ್ಲ ಸರ್, ಆ ಒಂದು ಮಾತು ಮಾತ್ರ ನಾನು ಒಪ್ಪಲ್ಲ. 2023ರಲ್ಲಿ ನ್ಯೂಯಾರ್ಕ್ ಮೆಟ್ಸ್ ಕೂಡ ಹಿಂಗೇ ದಾಖಲೆ ಸಂಬಳದ ಟೀಮ್ ಕಟ್ಟಿತ್ತು, ಸ್ಟಾರ್ ಪಿಚರ್‌ಗಳು (ಬಾಲ್ ಎಸೆಯೋರು) ವರ್ಲ್ಯಾಂಡರ್, ಶರ್ಜರ್ ಇಬ್ರಿಗೂ ವರ್ಷಕ್ಕೆ ತಲಾ 4 ಕೋಟಿ ಡಾಲರ್‌ಗಿಂತ ಜಾಸ್ತಿ, ಕೊನೆಗೆ ಬಂದಿದ್ದು 75 ಗೆಲುವು 87 ಸೋಲು, ಇಬ್ರನ್ನೂ ಸೀಸನ್ ಮಧ್ಯದಲ್ಲೇ ಬೇರೆ ಟೀಮಿಗೆ ಕಳಿಸಿದ್ರು.

ಬ್ಯಾಟಿಂಗ್ ಬಗ್ಗೆ ತಕರಾರಿಲ್ಲ, ಡಾಡ್ಜರ್ಸ್‌ನ ಒಟಾನಿ, ಬೆಟ್ಸ್, ಫ್ರೀಮನ್ ಸಾಲಾಗಿ ಬಂದ್ರೆ ಯಾವ ಪಿಚರ್‌ಗೂ ಕಷ್ಟ. ನನಗೆ ಭಯ ಇರೋದು ಪಿಚಿಂಗ್ ಮೇಲೆ. 2024ರಲ್ಲಿ ಪಿಚರ್ ಯಮಮೊಟೊ ಭುಜದ ನೋವಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಡ್ಲಿಲ್ಲ, ಇನ್ನೊಬ್ಬ ಪಿಚರ್ ಗ್ಲಾಸ್ನೋ ಮೊಣಕೈ ಆಗಸ್ಟ್‌ನಲ್ಲಿ ಕೈಕೊಟ್ಟಿದ್ದು ಫೈನಲ್‌ಗೂ ಸರಿಹೋಗ್ಲಿಲ್ಲ, ಬ್ಯಾಟಿಂಗ್ ಜೊತೆ ಪಿಚಿಂಗೂ ಮಾಡೋ ಒಟಾನಿ ಆಪರೇಷನ್ ಆಗಿದ್ರಿಂದ ಮ್ಯಾಚಲ್ಲಿ ಒಂದು ಬಾಲೂ ಎಸೀಲಿಲ್ಲ. ಆ ಫೈನಲ್ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ 4-1ರಲ್ಲಿ ಸೋಲಿಸಿದಾಗ ಉಳಿದಿದ್ದ ಸ್ಟಾರ್ಟರ್‌ಗಳು (ಮ್ಯಾಚ್ ಶುರು ಮಾಡೋ ಪಿಚರ್‌ಗಳು) ಮೂರೇ ಜನ, ಕೊನೇ ಇನ್ನಿಂಗ್ಸ್ ಮುಗಿಸೋಕೂ ಸ್ಟಾರ್ಟರ್ ಬ್ಯೂಲರ್‌ನೇ ಬರ್ಬೇಕಾಯ್ತು. ಆ ಸೀಸನ್ ಮುಗಿದ್ಮೇಲೆ ಆ ಮೂವರಲ್ಲಿ ಬ್ಯೂಲರ್ ಬಾಸ್ಟನ್‌ಗೆ ಹೋದ್ರು, ಫ್ಲಾಹರ್ಟಿ ಡೆಟ್ರಾಯ್ಟ್‌ಗೆ ಹೋದ್ರು, ಇದನ್ನ ನೀವು ಬರೆದೇ ಇಲ್ಲ! ಹೊಸ ಪಿಚರ್ ಸ್ನೆಲ್‌ಗೆ 5 ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟಿದ್ದಾರೆ ನಿಜ, ಜಪಾನಿನ ಪಿಚರ್ ಸಾಸಾಕಿನೂ ಬಂದಿದ್ದಾನೆ, ಆದ್ರೆ ಇಬ್ರಿಗೂ ಗಾಯದ ಇತಿಹಾಸ ಇದೆ.

ನನ್ ಪ್ರಕಾರ 2025ರ ಸೀಸನ್‌ಗೆ ಮಾಡಿದ ಒಳ್ಳೇ ಖರೀದಿ ಬುಲ್‌ಪೆನ್ (ಸ್ಟಾರ್ಟರ್ ಆದ್ಮೇಲೆ ಬಂದು ಎಸೆಯೋ ಪಿಚರ್‌ಗಳ ಗುಂಪು) ಸೇರಿದ ಟ್ಯಾನರ್ ಸ್ಕಾಟ್, 4 ವರ್ಷಕ್ಕೆ 7.2 ಕೋಟಿ ಡಾಲರ್. ಸ್ಟಾರ್ಟರ್‌ಗಳು ಒಬ್ಬೊಬ್ರಾಗಿ ಗಾಯಾಳು ಪಟ್ಟಿಗೆ ಸೇರಿದಾಗ 162 ಮ್ಯಾಚಿನ ಸೀಸನ್ ಎಳೆಯೋದು ಬುಲ್‌ಪೆನ್ ಹುಡುಗ್ರೇ, ಅವ್ರಿಗೆ ನಿಮ್ಮ ಲೇಖನದಲ್ಲಿ ಒಂದೇ ಸಾಲು ಕೊಟ್ಟಿದ್ದೀರ.