ಎಕ್ಸೆಲ್‌ನಲ್ಲಿ ಇಲ್ಲದ ಸಾಲು

ಡಿಸೆಂಬರ್ 27ರ ಬೆಳಗಿನ ಜಾವ ಐದು ಗಂಟೆಗೆ ಒರ್ಲ್ಯಾಂಡೋದ ಬಾಡಿಗೆ ಮನೆಯಲ್ಲಿ ನಾನು ಒಬ್ಬೊಬ್ಬರ ಹೊದಿಕೆ ಎಳೆಯುತ್ತ ಓಡಾಡುತ್ತಿದ್ದೆ. ರಜೆಗೆ ಬಂದವರನ್ನು ಹೀಗೆ ಎಬ್ಬಿಸುವುದು ಪಾಪ, ಗೊತ್ತು. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ಆ ವಾರ ಡಿಸ್ನಿ ವರ್ಲ್ಡ್‌ನಲ್ಲಿ ಜನಸಾಗರ. ಗೇಟು ತೆರೆಯುವ ಮೊದಲೇ ಹೋಗಿ ನಿಂತವನೇ ಜಾಣ ಅಂತ ಮೂರು ತಿಂಗಳಿಂದ ಓದಿಕೊಂಡಿದ್ದೆ. ಓದಿದ್ದನ್ನೆಲ್ಲ ಎಕ್ಸೆಲ್‌ಗೆ ಇಳಿಸಿದ್ದೆ. ಯಾವ ರೈಡು ಎಷ್ಟು ಹೊತ್ತಿಗೆ, ಊಟ ಎಲ್ಲಿ, ಬಾತ್‌ರೂಮು ಯಾವಾಗ, ಎಲ್ಲಕ್ಕೂ ಒಂದೊಂದು ಸಾಲು, ಒಂದೊಂದು ಬಣ್ಣ. ನಮ್ಮ ಮಾವ ನಿವೃತ್ತ ಗಣಿತದ ಮೇಷ್ಟ್ರು. ಕನ್ನಡಕ ಏರಿಸಿಕೊಂಡು ಹಾಳೆಯನ್ನು ಪೂರ್ತಿ ನೋಡಿ, "ಉಸಿರಾಡೋದು ಎಷ್ಟು ಗಂಟೆಗೆ ಇಟ್ಟಿದ್ದೀರಿ?" ಅಂದರು.

ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಪಾರ್ಕಿಂಗ್ ಮುಟ್ಟಿದಾಗ ಒಂದು ವಿಷಯ ಖಚಿತವಾಯಿತು. ನಾನು ಓದಿದ್ದನ್ನು ಉಳಿದವರೆಲ್ಲರೂ ಓದಿದ್ದರು.

ಅಲ್ಲಿ ಪಾರ್ಕಿಂಗ್ ಜಾಗಕ್ಕೆ ಅಂಕೆ ಸಾಲದೆಂದು ಕಥೆಗಳ ನಾಯಕರ, ಖಳನಾಯಕರ ಹೆಸರಿಟ್ಟಿದ್ದಾರೆ. "ಬೋರ್ಡಿನ ಫೋಟೋ ತಗೊಳ್ಳಿ" ಅಂದಳು ಹೆಂಡತಿ. "ಇದನ್ನೂ ಯಾರಾದರೂ ಮರೀತಾರಾ?" ಅಂದೆ. ಅಲ್ಲಿಂದ ಟ್ರ್ಯಾಮ್ ಹತ್ತಿ, ಇಳಿದು, ತಪಾಸಣೆಯ ಸಾಲಲ್ಲಿ ನಿಂತೆವು. ಅತ್ತೆ ಸುತ್ತಲಿನ ಗಿಡಗಳನ್ನೂ ತೋರಣಗಳನ್ನೂ ನೋಡಿ "ಪಾರ್ಕು ಚೆನ್ನಾಗಿಟ್ಟಿದ್ದಾರೆ" ಎಂದು ತೃಪ್ತಿಪಟ್ಟರು. ಪಾರ್ಕು ಇನ್ನೂ ಬಂದಿರಲಿಲ್ಲ. ಅದಿರುವುದು ಕೆರೆಯ ಆಚೆ ದಡದಲ್ಲಿ. ಫೆರಿಯಲ್ಲೋ ಮೊನೊರೈಲಿನಲ್ಲೋ ದಾಟಬೇಕು. ಕಾರು ನಿಲ್ಲಿಸಿದ ಮೇಲೂ ಊರು ಬಾರದ ಪ್ರಯಾಣ ಅದೊಂದೇ ಇರಬೇಕು.

ಒಳಗೆ ಹೋದ ತಕ್ಷಣ ಮಗನಿಗೊಂದು ತಳ್ಳುಗಾಡಿ ಬಾಡಿಗೆಗೆ ತೆಗೆದುಕೊಂಡೆವು. ಐದೂವರೆ ವರ್ಷದವನಿಗೆ ಗಾಡಿ ಯಾಕೆ ಅಂತ ಕೇಳುವವರು ಅವನನ್ನು ಒಮ್ಮೆ ಎತ್ತಿಕೊಂಡು ನಡೆಯಲಿ. ಬಾಡಿಗೆ ಗಾಡಿಗಳೆಲ್ಲ ಒಂದೇ ಅಚ್ಚು. ಅತ್ತೆ ಬ್ಯಾಗಿನಿಂದ ಹಳೇ ಸೀರೆಯ ಕೆಂಪು ಅಂಚಿನ ಚೂರು ತೆಗೆದು ಅದರ ಹಿಡಿಗೆ ಬಿಗಿಯಾಗಿ ಗಂಟು ಹಾಕಿದರು. ವಿಮಾನದಲ್ಲಿ ಸೂಟ್‌ಕೇಸುಗಳಿಗೆ ಕಟ್ಟಿದ್ದೂ ಅದನ್ನೇ. ನನಗೆ ನಾಚಿಕೆ. ಅತ್ತೆ ಅತ್ತ ತಿರುಗಿದ್ದೇ ತಡ, ಬಿಚ್ಚಿ ಜೇಬಿಗೆ ಸೇರಿಸಿದೆ.

ಫ್ಲೋರಿಡಾದ ಡಿಸೆಂಬರ್‌ಗೆ ಎರಡು ಮುಖ. ಬೆಳಿಗ್ಗೆ ಹಲ್ಲು ಕಟಕಟ, ಹತ್ತೂವರೆಗೆ ಬೆವರು. ಐದು ಜನರ ಐದು ಜಾಕೆಟ್ಟುಗಳೂ ಒಂದೊಂದಾಗಿ ನನ್ನ ಮೈಮೇಲೆ ಬಂದವು. ಹಳೇ ಮನೆಗಳ ಗೋಡೆಯಲ್ಲಿ ಬಟ್ಟೆ ನೇತುಹಾಕುವ ಗೂಟ ಇರುತ್ತಿತ್ತಲ್ಲ, ಆ ಗೂಟಕ್ಕೆ ಕಾಲು ಬಂದ ಹಾಗೆ ನಡೆಯುತ್ತಿದ್ದೆ.

ಎಕ್ಸೆಲ್‌ನ ಮೊದಲ ಸಾಲು, ಏಳು ಕುಳ್ಳರ ಗಣಿ ರೈಲು. ಬೋರ್ಡು 140 ನಿಮಿಷ ಅಂತಿತ್ತು. ದುಡ್ಡು ಕೊಟ್ಟರೆ ಬೇರೆ ಸಾಲಿದೆ ಎಂದು ಹೆಂಡತಿ ನೆನಪಿಸಿದಳು. ಐದು ಜನರ ಲೆಕ್ಕ ಹಾಕಿ, ಕಾಯುವುದರಲ್ಲೂ ಒಂದು ಮಜಾ ಇದೆ ಎಂದೆ. ಮಜಾ ಏನೆಂದರೆ, ಸಾಲು ಮುಗಿಯಿತು ಅನ್ನಿಸಿದಾಗಲೆಲ್ಲ ಒಂದು ತಿರುವು ಬರುತ್ತದೆ, ತಿರುವಿನಾಚೆ ಇನ್ನೊಂದು ಕೋಣೆ, ಕೋಣೆ ತುಂಬ ಸಾಲು. ಪೂರ್ತಿ ಉದ್ದ ಒಂದೇ ಸಲಕ್ಕೆ ಕಂಡರೆ ಯಾರು ತಾನೇ ನಿಂತಾರು? ಕೊನೆಗೆ ಹತ್ತಿದೆವು, ಮೂರು ನಿಮಿಷಕ್ಕೆ ಇಳಿದೆವು. ಮಾವ ಮನಸ್ಸಿನಲ್ಲೇ ಭಾಗಿಸಿ, "ನಿಮಿಷಕ್ಕೆ ನಲವತ್ತೇಳು ನಿಮಿಷ ಬಿತ್ತು" ಎಂದು ಘೋಷಿಸಿದರು.

ಮುಂದಿನದು 1975ರಿಂದ ಓಡುತ್ತಿರುವ ರೋಲರ್ ಕೋಸ್ಟರ್, ಸ್ಪೇಸ್ ಮೌಂಟನ್. ಅದಕ್ಕೆ 44 ಇಂಚು ಎತ್ತರ ಬೇಕು. ಮಗ ಮನೆಯ ಗೋಡೆಯ ಗೀಟಿನ ಪ್ರಕಾರ 43 ಮುಕ್ಕಾಲು. ಕಾಲು ಇಂಚಿನ ಕೊರತೆಯನ್ನು ಅವನ ಅಜ್ಜಿ ವಹಿಸಿಕೊಂಡರು. ನೀರು ಹಚ್ಚಿ, ಬಾಚಿ, ನೆತ್ತಿಯ ಕೂದಲನ್ನು ಗೋಪುರದ ಹಾಗೆ ನಿಲ್ಲಿಸಿದರು. ಅಳತೆಕೋಲು ಹಿಡಿದಿದ್ದ ಹುಡುಗಿ ನಗುನಗುತ್ತಲೇ ಆ ಗೋಪುರವನ್ನು ಅಂಗೈಯಿಂದ ಮೆಲ್ಲಗೆ ಒತ್ತಿದಳು. ಅಷ್ಟೇ. ಮಗನ ಕೂಗು ಕೆರೆಯಾಚೆಗೆ ಕೇಳಿಸಿರಬೇಕು. ಅವನ ಪರವಾಗಿ ನಾನೊಬ್ಬನೇ ಹೋದೆ. ವೇಗ ಗಂಟೆಗೆ 45 ಕಿಲೋಮೀಟರಿನ ಆಸುಪಾಸು, ಆದರೆ ಕಗ್ಗತ್ತಲು. ಎಲ್ಲಿ ತಿರುಗುತ್ತದೋ ಎಲ್ಲಿ ಬೀಳುತ್ತದೋ ತಿಳಿಯದು. ಈಚೆ ಬಂದಾಗ ನಾನು ನೇರವಾಗೇ ನಡೆಯುತ್ತಿದ್ದೆ, ನೆಲ ಮಾತ್ರ ಓರೆಯಾಗಿತ್ತು.

ಆ ಸ್ಥಿತಿಯಲ್ಲೇ ಗಾಡಿ ತರಲು ಹೋದೆ. ನಾವು ಬಿಟ್ಟ ಜಾಗದಲ್ಲಿ ಅದಿಲ್ಲ. ದಾರಿಗೆ ಅಡ್ಡವಾಗದಿರಲೆಂದು ಅಲ್ಲಿನ ಸಿಬ್ಬಂದಿ ಗಾಡಿಗಳನ್ನು ಆಗಾಗ ಸರಿಸಿ ಜೋಡಿಸುತ್ತಿರುತ್ತಾರೆ. ಎದುರಿಗೆ ಒಂದೇ ಅಚ್ಚಿನ ನೂರಾರು ಗಾಡಿ. ಹೆಸರಿನ ಚೀಟಿ ಓದುವ ತಾಳ್ಮೆಯಿಲ್ಲದೆ ಇದೇ ನಮ್ಮದು ಎಂದು ಒಂದನ್ನು ಎಳೆದೆ, ಮಗನನ್ನು ಕೂರಿಸಿದೆ, ಜಾಕೆಟ್ಟುಗಳನ್ನೂ ಹೇರಿದೆ. ಹತ್ತು ನಿಮಿಷ ತಳ್ಳಿದ ಮೇಲೆ ಮಗ ತನ್ನ ಕೆಳಗಿನಿಂದ ಅರ್ಧ ಕುಡಿದ ಹಾಲಿನ ಬಾಟಲಿಯನ್ನೂ ಒಂದು ಪುಟ್ಟ ಸಾಕ್ಸನ್ನೂ ತೆಗೆದು ತೋರಿಸಿದ. ವಾಪಸ್ಸು ಓಡಿದೆ. ಕಂಕುಳಲ್ಲಿ ಕೂಸು ಹೊತ್ತ ಒಬ್ಬ ತಾಯಿ ಗಾಡಿಯಿಂದ ಗಾಡಿಗೆ ಬಗ್ಗಿ ನೋಡುತ್ತಿದ್ದಳು. ಕೂಸಿನ ಒಂದು ಕಾಲು ಬರಿಗಾಲು. ನಾನು ಎಷ್ಟು ಸಲ ಸಾರಿ ಅಂದೆನೋ ಲೆಕ್ಕವಿಲ್ಲ, ಮಾವನ ಹತ್ತಿರ ಇದ್ದರೂ ಇದ್ದೀತು. ನಮ್ಮ ಗಾಡಿ ಸಿಕ್ಕಿದ ಕೂಡಲೇ ಜೇಬಿನಿಂದ ಕೆಂಪು ಚೂರು ತೆಗೆದು ನಾನೇ ಕಟ್ಟಿದೆ. ಎರಡು ಗಂಟು. ಅತ್ತೆ ನೋಡಿಯೂ ನೋಡದವರ ಹಾಗೆ ಬಾತುಕೋಳಿ ನೋಡುತ್ತಿದ್ದರು.

ಅಷ್ಟು ಹೊತ್ತಿಗೆ ಎಕ್ಸೆಲ್ ಕೆಟ್ಟು ಕೆರ ಹಿಡಿದಿತ್ತು. ಮೂರು ಗಂಟೆ ಮೊದಲೇ ಹೋಗಿ ಪೆರೇಡಿನ ದಾರಿ ಪಕ್ಕದ ಕಟ್ಟೆ ಹಿಡಿದು ಕೂತೆವು. ಹೊರಗಿನ ತಿಂಡಿ ತರಲು ಅಲ್ಲಿ ಅಡ್ಡಿಯಿಲ್ಲ. ಅತ್ತೆ ಪುಳಿಯೋಗರೆ ಡಬ್ಬಿ ಬಿಚ್ಚಿದರು. ಮಾವನಿಗೆ ಸಿಂಡರೆಲಾ ಕೋಟೆಯ ಎತ್ತರ ಬೇಕಿತ್ತು. 189 ಅಡಿ ಅಂದೆ. 200 ಮುಟ್ಟಿದರೆ ವಿಮಾನಗಳಿಗಾಗಿ ನೆತ್ತಿಯ ಮೇಲೆ ಮಿನುಗುವ ದೀಪ ಇಡಬೇಕಾಗುತ್ತದೆ, ಅದಕ್ಕೇ ತಗ್ಗಿಸಿದ್ದಾರೆ. ಮೇಲಮೇಲಕ್ಕೆ ಹೋದಂತೆ ಕಿಟಕಿ, ಕಲ್ಲುಗಳನ್ನು ಚಿಕ್ಕದು ಮಾಡಿ ಎತ್ತರ ಕಾಣುವ ಹಾಗೆ ಕಟ್ಟಿದ್ದಾರೆ ಅಂತಲೂ ಹೇಳಿದೆ. "ಹಾಗಾದರೆ ಇದೂ ಕೂದಲು ಬಾಚಿ ನಿಲ್ಲಿಸಿದ್ದೇ" ಅಂದರು ಮಾವ. ಮಗ ಮೊದಲ ಸಲ ನಕ್ಕ. ದೀಪಗಳು ಹತ್ತಿದವು, ಪೆರೇಡು ಬಂತು, ಬಾಣಬಿರುಸು ಆಕಾಶವನ್ನೇ ಸೀಳುವಾಗ ಮಗ ಗಾಡಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅತ್ತೆಯ ಬಾಯೂ ತೆರೆದೇ ಇತ್ತು, ಅದು ಬೇರೆ ಕಾರಣಕ್ಕೆ.

ರಾತ್ರಿ ಹನ್ನೊಂದೂವರೆಗೆ ಟ್ರ್ಯಾಮ್ ನಿಲ್ದಾಣದಲ್ಲಿ ಹೆಂಡತಿ ನನ್ನ ಮುಖ ನೋಡಿದಳು. ಖಳನಾಯಕ ಅನ್ನುವುದಷ್ಟೇ ನೆನಪು. ಯಾವ ಖಳ? ಹುಕ್ ಇರಬೇಕು ಎಂದು ಅಲ್ಲಿಳಿದು ಕೀಲಿಯ ಗುಂಡಿ ಒತ್ತುತ್ತ ಮುಕ್ಕಾಲು ಗಂಟೆ ಅಲೆದೆವು. ಯಾರ್‍ಯಾರದೋ ಕಾರು ಕೂಗಿತು, ನಮ್ಮದು ಬಿಟ್ಟು. ಕಾಲು ಸೋತು ಮಾವ ಒಂದು ಕಡೆ ಕೂತರು. ಕೂತವರು ಅಂಗಿಯ ಜೇಬಿನಿಂದ ಪುಟ್ಟ ಡೈರಿ ತೆಗೆದು ಓದಿದರು: "ಜಾಫರ್. ಎಡಗಡೆಯಿಂದ ಏಳನೇ ಸಾಲು."

"ಮಾವ, ಆಗಲೇ ಹೇಳಬಾರದಿತ್ತಾ?"

"ನಿಮ್ಮ ಎಕ್ಸೆಲ್‌ನಲ್ಲಿ ಇರುತ್ತೆ ಅಂದ್ಕೊಂಡೆ."